ನಾಯಿ, ಬೆಕ್ಕಿಗೆ ಹುಷಾರಿಲ್ಲದಾಗ ಎಷ್ಟು ಖರ್ಚು ಮಾಡಬೇಕು? ತೀರ್ಮಾನಿಸುವುದು ಹೀಗೆ

"ಮರಿಗೆ ಪಾರ್ವೋ ಅಂತಿದ್ದಾರೆ. ಅಡ್ಮಿಟ್ ಮಾಡಿ, ಈಗಲೇ ಅಡ್ವಾನ್ಸ್ ಕಟ್ಟಿ ಅಂತಿದ್ದಾರೆ. ಕಟ್ಟೋದಾ, ಬೇಡ್ವಾ?"

ಪಾರ್ವೋ ಅಂದರೆ ನಾಯಿಮರಿಗಳಿಗೆ ಭೇದಿ, ವಾಂತಿ ತರುವ ವೈರಸ್ ಕಾಯಿಲೆ. ಈ ಥರದ ಪ್ರಶ್ನೆ ನನಗೆ ಬರುವುದು ಹೆಚ್ಚಾಗಿ ರಾತ್ರಿ ಹತ್ತರ ಮೇಲೆ. ಕೇಳುವವರು ಆಸ್ಪತ್ರೆ ಬಾಗಿಲಲ್ಲೇ ನಿಂತಿರುತ್ತಾರೆ, ತೋಳಲ್ಲಿ ಮರಿ ಇರುತ್ತದೆ, ಮನೆಯಿಂದ ಅಪ್ಪನೋ ಅತ್ತೆಯೋ "ನಾಯಿಗೆ ಇಷ್ಟು ದುಡ್ಡಾ?" ಅಂತ ಫೋನಲ್ಲಿ ಕೇಳುತ್ತಿರುತ್ತಾರೆ. ಆ ಹೊತ್ತಲ್ಲಿ ಯಾರಿಗೂ ಸರಿಯಾಗಿ ಯೋಚನೆ ಮಾಡೋಕೆ ಆಗಲ್ಲ. ಅದಕ್ಕೇ ಇದನ್ನು ಬಿಡುವಾಗಿ ಕೂತು ಬರೆಯುತ್ತಿದ್ದೇನೆ. ನೀವೂ ಆದರೆ ಪ್ರಾಣಿ ಚೆನ್ನಾಗಿರುವಾಗಲೇ ಓದಿಡಿ.

ನಾನು ಡಾಕ್ಟರ್ ಅಲ್ಲ. ತುಂಬಾ ವರ್ಷದಿಂದ ನಾಯಿ, ಬೆಕ್ಕು ಸಾಕಿದವನು, ಇಂಥ ಬಿಲ್ಲುಗಳನ್ನು ಕಟ್ಟಿದವನು. ಇಷ್ಟೇ ಖರ್ಚು ಮಾಡಿ ಅಂತ ಒಂದು ಮೊತ್ತ ಹೇಳೋಕೆ ನನ್ನಿಂದ ಆಗಲ್ಲ, ಯಾರಿಂದಲೂ ಆಗಲ್ಲ. ಆದರೆ ಮೊತ್ತಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ. ಈ ದುಡ್ಡು ಕಟ್ಟಿದರೆ ನನ್ನ ಪ್ರಾಣಿಗೆ ಏನು ಬದಲಾಗುತ್ತೆ? ಕೆಳಗಿನ ಎಲ್ಲ ಹಂತಗಳೂ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

ಏನೇನು ಬೇಕು

ಒಂದು ಹಾಳೆ, ಪೆನ್ನು. ಲಸಿಕೆ ಕಾರ್ಡು ಮತ್ತು ಹಳೆಯ ರಿಪೋರ್ಟುಗಳು. ಪ್ರಾಣಿಯ ಈಗಿನ ತೂಕ, ಯಾಕೆಂದರೆ ಔಷಧಿಯ ಪ್ರಮಾಣ ತೂಕದ ಮೇಲೆ ಹೋಗುತ್ತದೆ, 30 ಕಿಲೋ ಲ್ಯಾಬ್ರಡಾರ್‌ಗೂ 8 ಕಿಲೋ ಪಗ್‌ಗೂ ಅದೇ ಕಾಯಿಲೆಗೆ ಬಿಲ್ಲು ಒಂದೇ ಬರಲ್ಲ. ರಾತ್ರಿ ತೆರೆದಿರುವ ಒಂದು ಆಸ್ಪತ್ರೆಯ ನಂಬರ್, ಹಗಲಿಗೆ ಇನ್ನೊಂದು. ಜೊತೆಗೆ ಮನೆಯಲ್ಲಿ ದುಡ್ಡಿನ ವಿಷಯ ನೋಡಿಕೊಳ್ಳುವವರು ಎದುರಿಗೆ ಇರಬೇಕು. ಒಬ್ಬರೇ ತೀರ್ಮಾನ ಮಾಡಿ ಆಮೇಲೆ ಮನೆಯವರಿಂದ ಮಾತು ಕೇಳುವುದು ಬೇಡ.

ಹಂತ 1: ಇದು ಕಾಯಬಹುದಾದ ಕಾಯಿಲೆಯಾ?

ಕೆಲವು ಲಕ್ಷಣ ಕಂಡರೆ ಲೆಕ್ಕ ಹಾಕುತ್ತಾ ಕೂರಬೇಡಿ, ಮೊದಲು ಹೊರಡಿ. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು ಒಂದು ಹನಿಯೂ ಬರದಿದ್ದರೆ ದಾರಿ ಕಟ್ಟಿಕೊಂಡಿರಬಹುದು, ಹಾಗೇ ಬಿಟ್ಟರೆ ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಥರದ ದೊಡ್ಡ ನಾಯಿಯ ಹೊಟ್ಟೆ ಉಬ್ಬಿ, ವಾಂತಿ ಮಾಡೋಕೆ ಹೋಗಿ ಏನೂ ಬರದಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು, ಅಲ್ಲಿ ಗಂಟೆಗಳ ಲೆಕ್ಕ. ಒಸಡು ಬಿಳಿಚಿಕೊಂಡಿರುವುದು, ಬೆಕ್ಕು ಬಾಯಿ ತೆರೆದು ಉಸಿರಾಡುವುದು, ಫಿಟ್ಸ್ 5 ನಿಮಿಷ ದಾಟುವುದು, ಇಲಿ ಪಾಷಾಣ ತಿಂದಿರುವುದು, ಇವೆಲ್ಲಾ ಇದೇ ಸಾಲಿಗೆ. ಹೋಗಿ ತೋರಿಸಿದ ಮಾತ್ರಕ್ಕೆ ಪೂರ್ತಿ ಚಿಕಿತ್ಸೆಗೆ ಒಪ್ಪಿದ ಹಾಗೆ ಅಲ್ಲ. ನೋವಿಗೊಂದು ಇಂಜೆಕ್ಷನ್, ಒಂದು ಡ್ರಿಪ್, ಏನಾಗಿದೆ ಅನ್ನುವ ಉತ್ತರ, ಅಷ್ಟು ಮೊದಲು ಸಿಗಲಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಮನೆ ಮಾತ್ರೆ. ಖರ್ಚು ಉಳಿಸೋಣ ಅಂತ ಅರ್ಧ ಡೋಲೊ ಕೊಟ್ಟುಬಿಡುತ್ತಾರೆ. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ, ಸ್ವಲ್ಪವೇ ಸಾಕು ಕೊಲ್ಲೋಕೆ. ನಾಯಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ. ಹತ್ತು ರೂಪಾಯಿ ಮಾತ್ರೆಯಿಂದ ಸಾವಿರಾರು ರೂಪಾಯಿ ಬಿಲ್ಲು ಆಗುವುದು ಹೀಗೆ.

ಹಂತ 2: ಮನೆಯ ಲೆಕ್ಕ ಬರೆಯಿರಿ

ಹಾಳೆಯಲ್ಲಿ ಮೂರು ಸಾಲು ಬರೆಯಿರಿ.

ಮೊದಲ ಸಾಲಿನಲ್ಲಿ ಇವತ್ತೇ ಕೊಡಬಹುದಾದ ದುಡ್ಡು, ಅಂದರೆ ಕೈಯಲ್ಲಿ, ಬ್ಯಾಂಕಲ್ಲಿ ಇರುವುದು ಮತ್ತು ಈ ತಿಂಗಳು ಬೇರೆ ಯಾವುದಕ್ಕೂ ಎತ್ತಿಡದೆ ಇರುವುದು. ಎರಡನೇ ಸಾಲಿನಲ್ಲಿ ಸ್ವಲ್ಪ ಕಷ್ಟಪಟ್ಟರೆ ಬರುವ ದುಡ್ಡು. ಅಣ್ಣನ ಹತ್ತಿರ ಕೈಸಾಲ, ಮುಂದಿನ ತಿಂಗಳು ಬರುವ ಚೀಟಿ ಹಣ, ಹೊಸ ಫೋನಿಗೆ ಅಂತ ಕೂಡಿಟ್ಟಿದ್ದು. ಮೂರನೇ ಸಾಲು ಮುಟ್ಟಬಾರದ ದುಡ್ಡು. ಮಕ್ಕಳ ಫೀಸು, ಮನೆ ಬಾಡಿಗೆ, ಅಮ್ಮನ ಬಿಪಿ, ಶುಗರ್ ಮಾತ್ರೆ, ಬಡ್ಡಿಗೆ ಅಡ ಇಡಬೇಕಾದ ಒಡವೆ.

ಮೊದಲನೆಯದು ಮತ್ತು ಎರಡನೆಯದು ಸೇರಿದರೆ ಅದೇ ನಿಮ್ಮ ಗಡಿ. ಉದಾಹರಣೆಗೆ ಕೈಯಲ್ಲಿ 12,000, ಹೊಂದಿಸಿದರೆ ಇನ್ನೊಂದು 13,000 ಅಂದುಕೊಳ್ಳಿ. 25,000 ಅಂತ ಬರೆದು ಕೆಳಗೆ ಗೆರೆ ಎಳೆಯಿರಿ. ಬೇರೆಯವರ ಮನೆಯಲ್ಲಿ ಇದು 3,000 ಇರಬಹುದು, ಎರಡು ಲಕ್ಷವೂ ಇರಬಹುದು. 3,000 ಬರೆದವರ ಪ್ರೀತಿ ಕಡಿಮೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನಿಮ್ಮ ಬೆಕ್ಕಿಗೆ ನಿಮ್ಮ ಬ್ಯಾಂಕ್ ಪಾಸ್‌ಬುಕ್ ಗೊತ್ತಿಲ್ಲ, ನೀವು ಪಕ್ಕದಲ್ಲಿ ಇದ್ದೀರಾ ಇಲ್ವಾ ಅನ್ನುವುದು ಮಾತ್ರ ಗೊತ್ತು.

ಕ್ರೆಡಿಟ್ ಕಾರ್ಡ್ ಯಾವ ಸಾಲಿಗೆ ಬರುತ್ತೆ ಅಂತ ತುಂಬಾ ಜನ ಕೇಳುತ್ತಾರೆ. ಮುಂದಿನ ಬಿಲ್ಲಿಗೆ ಪೂರ್ತಿ ತೀರಿಸೋಕೆ ಆಗುತ್ತೆ ಅಂದರೆ ಎರಡನೇ ಸಾಲು. ಆಗಲ್ಲ ಅಂದರೆ ಮೂರನೇ ಸಾಲು, ಅದರ ಬಡ್ಡಿ ಅಷ್ಟು ಕೆಟ್ಟದ್ದು. ಇನ್ನು ವಿಮೆ. ಸಾಕುಪ್ರಾಣಿಗೂ ವಿಮೆ ಸಿಗುತ್ತದೆ, ಆದರೆ ಕಾಯಿಲೆ ಬಂದ ಮೇಲೆ ಮಾಡಿಸಿದರೆ ಆ ಕಾಯಿಲೆಗೆ ಸಿಗಲ್ಲ. ಮಾಡಿಸಿದ ಮೊದಲ ಕೆಲವು ದಿನ ಅನ್ವಯಿಸಲ್ಲ, ವಯಸ್ಸಿನ ಮಿತಿಯೂ ಇರುತ್ತದೆ. ಮರಿ ಇರುವಾಗಲೇ ಯೋಚಿಸಬೇಕಾದದ್ದು ಅದು.

ಹಂತ 3: ಮೊದಲ ದುಡ್ಡು ಪರೀಕ್ಷೆಗೆ ಹೋಗಲಿ

ದುಡ್ಡು ಕಡಿಮೆ ಇದ್ದಾಗ ಎಲ್ಲರೂ ಮೊದಲು ಬಿಡುವುದು ರಕ್ತ ಪರೀಕ್ಷೆಯನ್ನು. "ಟೆಸ್ಟ್ ಬೇಡ ಡಾಕ್ಟ್ರೇ, ಸುಮ್ನೆ ಒಂದು ಇಂಜೆಕ್ಷನ್ ಹಾಕಿ" ಅನ್ನುತ್ತಾರೆ. ಇದು ತಲೆಕೆಳಗು. ದುಡ್ಡು ಕಡಿಮೆ ಇರುವವರಿಗೇ ಪರೀಕ್ಷೆ ಜಾಸ್ತಿ ಮುಖ್ಯ, ಯಾಕೆಂದರೆ ತಪ್ಪು ಔಷಧಿಗೆ ಹಾಕೋಕೆ ಅವರ ಹತ್ತಿರ ದುಡ್ಡಿಲ್ಲ.

ಉಣ್ಣೆ ಜ್ವರವನ್ನೇ ನೋಡಿ. ನಮ್ಮ ಕಡೆ ನಾಯಿಗಳಲ್ಲಿ ತುಂಬಾ ಕಾಣುವ ಕಾಯಿಲೆ ಇದು, ಉಣ್ಣೆ ಕಚ್ಚಿದಾಗ ರಕ್ತಕ್ಕೆ ಸೇರುವ ಸೂಕ್ಷ್ಮಜೀವಿಗಳಿಂದ ಬರುತ್ತದೆ. ಅದರಲ್ಲಿ ಎರ್ಲಿಕಿಯಾ ಅನ್ನುವ ಬಗೆಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನ ಕೊಡುತ್ತಾರೆ, ದುಬಾರಿ ಔಷಧಿ ಅಲ್ಲ. ಬಬೇಸಿಯಾ ಅನ್ನುವ ಇನ್ನೊಂದು ಬಗೆಗೆ ಔಷಧಿಯೇ ಬೇರೆ. ಯಾವುದು ಅಂತ ರಕ್ತ ನೋಡದೆ ಹೇಳೋಕೆ ಆಗಲ್ಲ. ನಾಯಿ ಊಟ ಬಿಟ್ಟ ಎರಡನೇ ದಿನ ರಕ್ತ ಪರೀಕ್ಷೆ ಮಾಡಿಸಿದರೆ ಮಾತ್ರೆಯಲ್ಲಿ ಮುಗಿಯಬಹುದಾದದ್ದು, ಎರಡು ವಾರ ಕಾದು ಪ್ಲೇಟ್‌ಲೆಟ್ ಬಿದ್ದು, ಮೂಗಿನಿಂದ ರಕ್ತ ಸೋರಿ, ಒಸಡು ಬಿಳಿಚಿದ ಮೇಲೆ ಹೋದರೆ ರಕ್ತ ಹಾಕಿಸುವ ಹಂತಕ್ಕೆ ಬಂದಿರುತ್ತದೆ. ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ.

ಹಾಗಂತ ಎಲ್ಲ ಪರೀಕ್ಷೆಗೂ ಹೂಂ ಅನ್ನಬೇಕಿಲ್ಲ. ಪ್ರತಿ ಪರೀಕ್ಷೆಗೂ ಒಂದು ಮಾತು ಕೇಳಿ: "ಡಾಕ್ಟ್ರೇ, ಇದರ ಫಲಿತಾಂಶ ಹೀಗೆ ಬಂದರೆ ಏನು ಮಾಡ್ತೀರಿ, ಹಾಗೆ ಬಂದರೆ ಏನು ಮಾಡ್ತೀರಿ?" ಎರಡಕ್ಕೂ ಉತ್ತರ ಒಂದೇ ಆದರೆ ಆ ಪರೀಕ್ಷೆ ಸದ್ಯಕ್ಕೆ ಬಿಡಬಹುದು.

ಹಂತ 4: ಒಪ್ಪುವ ಮೊದಲು ಇಷ್ಟು ಕೇಳಿ

ಹಾಳೆ ನೋಡಿಕೊಂಡೇ ಕೇಳಿ, ನಾಚಿಕೆ ಬೇಡ. ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳಲ್ಲ.

• ಕಾಯಿಲೆ ಗೊತ್ತಾಗಿದೆಯಾ, ಇನ್ನೂ ಅನುಮಾನವಾ?
• ಇದು ವಾಸಿಯಾಗುತ್ತಾ, ಹತೋಟಿಯಲ್ಲಿ ಇರುತ್ತಾ, ಅಥವಾ ಸ್ವಲ್ಪ ದಿನ ಮುಂದಕ್ಕೆ ಹೋಗುತ್ತಾ?
• ಇಂಥ ಸ್ಥಿತಿಯಲ್ಲಿ ಬಂದ ಹತ್ತು ಪ್ರಾಣಿಗಳಲ್ಲಿ ಎಷ್ಟು ಮನೆಗೆ ವಾಪಸ್ ಹೋಗುತ್ತವೆ?
• ಮೊದಲ 48 ಗಂಟೆಗೆ ಎಷ್ಟಾಗುತ್ತೆ? ಪೂರ್ತಿ ಎಷ್ಟಾಗಬಹುದು, ಕಡಿಮೆ ಅಂದರೆ ಎಷ್ಟು, ಜಾಸ್ತಿ ಅಂದರೆ ಎಷ್ಟು?
• ಮನೆಗೆ ಹೋದ ಮೇಲೆ ತಿಂಗಳಿಗೆ ಎಷ್ಟು ಬೇಕು? ಎಷ್ಟು ತಿಂಗಳು?
• ಸುಧಾರಿಸುತ್ತಿದೆ ಅಂತ ಯಾವಾಗ, ಯಾವ ಗುರುತಿನಿಂದ ಗೊತ್ತಾಗುತ್ತೆ?
• ನಿಮ್ಮದೇ ನಾಯಿ ಆಗಿದ್ದರೆ, ನನ್ನಷ್ಟೇ ದುಡ್ಡು ಇದ್ದಿದ್ದರೆ, ಏನು ಮಾಡ್ತಿದ್ರಿ?

ಐದನೇ ಪ್ರಶ್ನೆಯನ್ನು ಯಾರೂ ಕೇಳಲ್ಲ. ಆಪರೇಷನ್ನಿಗೆ ಹೇಗೋ ಹೊಂದಿಸಿಬಿಡುತ್ತಾರೆ, ಆಮೇಲೆ ತಿಂಗಳು ತಿಂಗಳು ಬರುವ ವಿಶೇಷ ಆಹಾರ, ಮಾತ್ರೆ, ಮತ್ತೆ ಮತ್ತೆ ರಕ್ತ ಪರೀಕ್ಷೆ, ಇವುಗಳಲ್ಲಿ ಸೋತು ಹೋಗುತ್ತಾರೆ. ಮೂತ್ರ ಕಟ್ಟಿದ ಗಂಡು ಬೆಕ್ಕು ಇದಕ್ಕೆ ಸರಿಯಾದ ಉದಾಹರಣೆ. ನಳಿಕೆ ಹಾಕಿ ಬಿಡಿಸಿದರೆ ಹೆಚ್ಚಿನವು ಉಳಿಯುತ್ತವೆ, ಆದರೆ ಕೆಲವಕ್ಕೆ ಮತ್ತೆ ಕಟ್ಟುತ್ತದೆ. ಅದಕ್ಕೂ ಲೆಕ್ಕದಲ್ಲಿ ಜಾಗ ಬಿಡಿ.

ಎಸ್ಟಿಮೇಟನ್ನು ಬಾಯಲ್ಲಿ ಕೇಳಬೇಡಿ, ಬರೆಸಿಕೊಳ್ಳಿ. ರಿಪೋರ್ಟ್, ಎಕ್ಸ್‌ರೇ ಎಲ್ಲದರ ಪ್ರತಿ ಇಸ್ಕೊಳ್ಳಿ. ಇನ್ನೊಬ್ಬ ಡಾಕ್ಟರಿಗೆ ತೋರಿಸಬೇಕಾದರೆ ಅದೇ ಪರೀಕ್ಷೆಗೆ ಎರಡನೇ ಸಲ ದುಡ್ಡು ಹಾಕಬೇಕಾಗಲ್ಲ.

ಹಂತ 5: ದುಡ್ಡಿಗೆ ಏನು ಸಿಗುತ್ತೆ ಅಂತ ಬರೆಯಿರಿ

ಡಾಕ್ಟರ್ ಹೇಳಿದ್ದನ್ನು ಇಟ್ಟುಕೊಂಡು ಕಾಯಿಲೆಯನ್ನು ಈ ಮೂರರಲ್ಲಿ ಒಂದಕ್ಕೆ ಸೇರಿಸಿ.

ದುಡ್ಡು ಹಾಕಿದರೆ ಮುಗಿಯುವ ಕಾಯಿಲೆ. ಗರ್ಭಕೋಶದಲ್ಲಿ ಕೀವು ತುಂಬುವುದು ಇಂಥದ್ದು, ಡಾಕ್ಟರು ಪಯೋಮೆಟ್ರಾ ಅನ್ನುತ್ತಾರೆ. ಸಂತಾನಹರಣ ಮಾಡಿಸದ ಹೆಣ್ಣು ನಾಯಿ ಬೆದೆಗೆ ಬಂದು ಹೋದ ಒಂದೆರಡು ತಿಂಗಳಲ್ಲಿ ಮಂಕಾಗಿ, ನೀರು ಜಾಸ್ತಿ ಕುಡಿದು, ಹಿಂದಿನಿಂದ ಕೀವು ಸೋರಿದರೆ ಅದೇ ಇರಬಹುದು. ಗರ್ಭಕೋಶ ತೆಗೆದರೆ ಹೆಚ್ಚಿನ ನಾಯಿಗಳು ಚೇತರಿಸಿಕೊಳ್ಳುತ್ತವೆ, ಅದು ಮತ್ತೆ ಬರುವ ಮಾತೂ ಇರಲ್ಲ. "ಹತ್ತು ವರ್ಷದ ಮುದಿ ನಾಯಿ, ಇನ್ನೇನು ಆಪರೇಷನ್" ಅಂತ ಬಿಟ್ಟುಬಿಡುವುದನ್ನು ನೋಡಿದ್ದೇನೆ, ಸಂಕಟ ಆಗುತ್ತದೆ. ವಯಸ್ಸು ಕಾಯಿಲೆ ಅಲ್ಲ. ಬೇರೆಲ್ಲ ಸರಿ ಇದ್ದ ಸಣ್ಣ ಜಾತಿಯ ನಾಯಿಗೆ ಹತ್ತು ವರ್ಷ ಆದ ಮೇಲೂ ನಾಲ್ಕೈದು ವರ್ಷ ಇರಬಹುದು. ಗ್ರೇಟ್ ಡೇನ್‌ಗೆ ಎಂಟೇ ಮುಪ್ಪು.

ದುಡ್ಡಿನಿಂದ ಹತೋಟಿಗೆ ಬರುವ ಕಾಯಿಲೆ. ಹಳೆಯ ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ. ಇಲ್ಲಿ ಒಟ್ಟು ಮೊತ್ತಕ್ಕಿಂತ ತಿಂಗಳ ಮೊತ್ತವೇ ಮುಖ್ಯ. ಕಿಡ್ನಿ ವಿಷಯದಲ್ಲಿ ಒಂದು ಎಚ್ಚರಿಕೆ. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಅಂತ ಒಂದು ಅಂಕಿ ಇರುತ್ತದೆ, ಕಿಡ್ನಿ ಶೋಧಿಸಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುವ ಅಂಕಿ. ಹಳೆಯ ಕಾಯಿಲೆಯ ನಾಯಿಯಲ್ಲಿ ಅದು 5 ದಾಟಿದರೆ ನಾಲ್ಕನೇ, ಅಂದರೆ ಕೊನೆಯ ಹಂತ ಅಂತ ಲೆಕ್ಕ. ಆದರೆ ಮಳೆಗಾಲದಲ್ಲಿ ಇಲಿ ಜ್ವರ ಬಂದ ನಾಯಿಯಲ್ಲೂ ಅದೇ ಅಂಕಿ ಕಾಣಬಹುದು. ಅದು ಹೊಸದಾಗಿ ಬಿದ್ದ ಪೆಟ್ಟು. ಬೇಗ ಡ್ರಿಪ್, ಆಂಟಿಬಯೋಟಿಕ್ ಸಿಕ್ಕಿದರೆ ಕಿಡ್ನಿ ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ಹಾಗಾಗಿ ಅಂಕಿ ನೋಡಿ ಕೈಬಿಡಬೇಡಿ, "ಇದು ಹೊಸದಾ, ಹಳೆಯದಾ?" ಅಂತ ಕೇಳಿ. ಇಲಿ ಜ್ವರ ಮೂತ್ರದಿಂದ ಮನುಷ್ಯರಿಗೂ ಹರಡುತ್ತದೆ, ಗ್ಲೌಸ್ ಹಾಕಿಕೊಂಡೇ ಶುಚಿ ಮಾಡಿ.

ದುಡ್ಡಿನಿಂದ ದಿನ ಮಾತ್ರ ಸಿಗುವ ಕಾಯಿಲೆ. ಲಿಂಫೋಮಾ ಅನ್ನುವ ಕ್ಯಾನ್ಸರಿಗೆ ಏನೂ ಮಾಡದಿದ್ದರೆ ನಾಯಿ ಸಾಮಾನ್ಯವಾಗಿ ಒಂದೆರಡು ತಿಂಗಳು ಇರುತ್ತದೆ, ಪೂರ್ತಿ ಕೀಮೋ ಕೊಡಿಸಿದರೆ ಹಲವು ನಾಯಿಗಳಿಗೆ ಸುಮಾರು ಒಂದು ವರ್ಷ ಸಿಗುತ್ತದೆ, ಪೂರ್ತಿ ವಾಸಿಯಾಗುವುದು ಅಪರೂಪ. ಆ ಒಂದು ವರ್ಷ ಕೆಲವರಿಗೆ ದೊಡ್ಡದು. ಕೆಲವರು ಅದೇ ದುಡ್ಡಲ್ಲಿ ನೋವಿನ ಮಾತ್ರೆ, ಇಷ್ಟದ ಊಟ ಕೊಟ್ಟು ಎರಡು ತಿಂಗಳು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಎರಡೂ ಸರಿಯೇ. ಆದರೆ ವಾಸಿಯಾಗುತ್ತೆ ಅಂದುಕೊಂಡು ಕೀಮೋಗೆ ಸಾಲ ಮಾಡಬೇಡಿ. ಇನ್ನು ರೇಬಿಸ್ ಅಂದರೆ ಹುಚ್ಚು ನಾಯಿ ರೋಗ, ಲಕ್ಷಣ ಶುರುವಾದ ಮೇಲೆ ಎಷ್ಟು ದುಡ್ಡು ಕೊಟ್ಟರೂ ಉಳಿಸೋಕೆ ಆಗಲ್ಲ. ಜೊಲ್ಲು ಸುರಿಸುತ್ತಾ ನುಂಗೋಕೆ ಆಗದ ನಾಯಿಯ ಬಾಯಿಗೆ, ಅದರಲ್ಲೂ ಲಸಿಕೆ ಆಗಿಲ್ಲದಿದ್ದರೆ, ಮೂಳೆ ಸಿಕ್ಕಿದೆ ಅಂತ ಕೈ ಹಾಕಬೇಡಿ.

ಹಂತ 6: ನಡುವಿನ ದಾರಿ ಕೇಳಿ

ಅಡ್ಮಿಟ್ ಮಾಡುವುದು ಇಲ್ಲವೇ ಮನೆಗೆ ಕರ್ಕೊಂಡು ಹೋಗಿ ಸಾಯಲು ಬಿಡುವುದು, ಈ ಎರಡೇ ದಾರಿ ಅಂತ ಭಯದಲ್ಲಿ ಅನ್ನಿಸುತ್ತದೆ. ಹೆಚ್ಚಿನ ಸಲ ನಡುವೆ ಇನ್ನೊಂದು ದಾರಿ ಇರುತ್ತದೆ.

ಪಾರ್ವೋ ವೈರಸ್ಸನ್ನೇ ಕೊಲ್ಲುವ ಮಾತ್ರೆ ಇಲ್ಲಿ ಸಾಮಾನ್ಯವಾಗಿ ಸಿಗಲ್ಲ. ಭೇದಿ, ವಾಂತಿಯಲ್ಲಿ ಹೋದ ನೀರು ತುಂಬಿಸುವುದು, ವಾಂತಿ ನಿಲ್ಲಿಸುವುದು, ಬೇರೆ ಸೋಂಕು ಸೇರದಂತೆ ಆಂಟಿಬಯೋಟಿಕ್ ಕೊಡುವುದು, ಅಷ್ಟರಲ್ಲಿ ಮರಿಯ ಮೈಯೇ ಗೆಲ್ಲಬೇಕು. ಅಮೆರಿಕದ ಕೊಲರಾಡೋ ಸ್ಟೇಟ್ ಯೂನಿವರ್ಸಿಟಿಯವರು 40 ನಾಯಿಗಳ ಮೇಲೆ ಒಂದು ಅಧ್ಯಯನ ಮಾಡಿದರು. ಆಸ್ಪತ್ರೆಯಲ್ಲೇ ಇಟ್ಟು ನೋಡಿಕೊಂಡವುಗಳಲ್ಲಿ 90 ಶೇಕಡಾ ಉಳಿದವು. ಮೊದಲು ನೀರಿನಂಶ ತುಂಬಿಸಿ, ಆಮೇಲೆ ಅಡ್ಮಿಟ್ ಆಗದ ನಾಯಿಗೆ ಕೊಡಬಹುದಾದ ಹಾಗೆ ಚರ್ಮದ ಕೆಳಗೆ ಡ್ರಿಪ್, ಇಂಜೆಕ್ಷನ್ ಮಾತ್ರ ಕೊಟ್ಟವುಗಳಲ್ಲಿ 80 ಶೇಕಡಾ ಉಳಿದವು. ಅಲ್ಲಿನ ಆರೈಕೆ ತುಂಬಾ ಕಟ್ಟುನಿಟ್ಟಾಗಿತ್ತು, ನಮ್ಮಲ್ಲಿ ಅಷ್ಟೇ ಸಂಖ್ಯೆ ಬರುತ್ತೆ ಅಂತ ಹೇಳುತ್ತಿಲ್ಲ. ಆದರೆ ಅಡ್ಮಿಟ್ ಮಾಡೋಕೆ ದುಡ್ಡಿಲ್ಲ ಅಂದರೆ "ದಿನಾ ಕರ್ಕೊಂಡು ಬಂದು ಡ್ರಿಪ್ ಹಾಕಿಸಿಕೊಂಡು ಹೋಗಬಹುದಾ?" ಅಂತ ಕೇಳಲೇಬೇಕು ಅನ್ನೋಕೆ ಇಷ್ಟು ಸಾಕು.

ಸರ್ಕಾರಿ ಆಸ್ಪತ್ರೆ ಮರೆಯಬೇಡಿ. ದನದ ಆಸ್ಪತ್ರೆ ಅಂತ ಕರೆಯುವ ನಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ನಾಯಿ, ಬೆಕ್ಕನ್ನೂ ನೋಡುತ್ತಾರೆ. ದೊಡ್ಡ ಕಾಯಿಲೆಗೆ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ: ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗ. ಖಾಸಗಿಗಿಂತ ಖರ್ಚು ಕಡಿಮೆ, ಸರ್ಜರಿಗೆ, ಸ್ಕ್ಯಾನಿಂಗಿಗೆ ಅದನ್ನೇ ಓದಿದ ಪ್ರೊಫೆಸರುಗಳು ಇರುತ್ತಾರೆ. ಸರದಿ ಕಾಯಬೇಕು, ಬೆಳಗ್ಗೆ ಬೇಗ ಹೋಗಿ. ಹಳ್ಳಿಯಲ್ಲಿ ಇದ್ದರೆ 1962ಕ್ಕೆ ಫೋನ್ ಮಾಡಿ ನೋಡಿ, ಅದು ಪಶು ಸಂಚಾರಿ ಚಿಕಿತ್ಸಾ ವಾಹನದ ನಂಬರ್. ಮುಖ್ಯವಾಗಿ ದನಕರುಗಳಿಗೆ ಅಂತ ಇರುವುದಾದರೂ ಹತ್ತಿರದ ಡಾಕ್ಟರ್ ಯಾರು ಅಂತಾದರೂ ಕೇಳಬಹುದು.

ಔಷಧಿಯಲ್ಲೂ ಉಳಿಸಬಹುದು. ಎಷ್ಟೋ ಔಷಧಿ ಮನುಷ್ಯರಿಗೂ ಪ್ರಾಣಿಗೂ ಒಂದೇ, ಡಾಕ್ಸಿಸೈಕ್ಲಿನ್ ಥರ. ಬ್ರ್ಯಾಂಡ್ ಬದಲು ಔಷಧಿಯ ಮೂಲ ಹೆಸರು, ಪ್ರಮಾಣ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ, ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಪ್ರಮಾಣವನ್ನು ಮಾತ್ರ ನೀವಾಗಿ ಊಹಿಸಬೇಡಿ.

ಹಂತ 7: ಒಂದೇ ಸಲ ಅಲ್ಲ, ಎರಡೆರಡು ದಿನಕ್ಕೆ ತೀರ್ಮಾನಿಸಿ

ಗಡಿ 25,000 ಅಂತ ಬರೆದಿದ್ದೀರಿ ಅಲ್ವಾ? ಮೊದಲ 48 ಗಂಟೆಗೆ ಇಷ್ಟು ಅಂತ ಒಪ್ಪಿ. ಆಮೇಲೆ ಡಾಕ್ಟರ್ ಜೊತೆ ಕೂತು, ನಾಲ್ಕನೇ ಹಂತದಲ್ಲಿ ಅವರೇ ಹೇಳಿದ ಗುರುತು ಬಂದಿದೆಯಾ ನೋಡಿ. ವಾಂತಿ ನಿಂತಿದೆಯಾ, ಪ್ಲೇಟ್‌ಲೆಟ್ ಏರಿದೆಯಾ, ಕ್ರಿಯಾಟಿನಿನ್ ಇಳಿದಿದೆಯಾ? ಬಂದಿದ್ದರೆ ಮುಂದಿನ ಎರಡು ದಿನ. ಬರದಿದ್ದರೆ ಅಲ್ಲೇ ನಿಂತು ಮತ್ತೆ ಯೋಚನೆ ಮಾಡಿ. "ನನ್ನನ್ನು ಕೇಳದೆ ಇಷ್ಟು ಮೊತ್ತ ದಾಟಬೇಡಿ" ಅಂತ ಮೊದಲ ದಿನವೇ ಫೈಲಿನಲ್ಲಿ ಬರೆಸಿ, ನಿಮ್ಮ ನಂಬರ್ ಕೊಡಿ.

ನಾವು ಒಂದು ಸಲ ಇದನ್ನು ಮಾಡಲಿಲ್ಲ. ಮೂರು ಸಲ ಅಡ್ವಾನ್ಸ್ ಕಟ್ಟಿದೆವು, ಮೂರನೇ ಸಲ ಕಟ್ಟಿದ್ದು "ಇಷ್ಟು ಹಾಕಿದ್ದೀವಿ, ಈಗ ಹೇಗೆ ಬಿಡೋದು" ಅಂತ ಅನ್ನಿಸಿದ್ದಕ್ಕೆ ಮಾತ್ರ. ನಮ್ಮ ನಾಯಿಗೆ ಆ ದಿನ ಸಿಕ್ಕಿದ್ದು ಪಂಜರದಲ್ಲಿ ಇನ್ನೊಂದು ರಾತ್ರಿ. ಕಟ್ಟಿದ ದುಡ್ಡು ವಾಪಸ್ ಬರಲ್ಲ, ಮುಂದೆ ಕಟ್ಟಿದರೂ ಬರಲ್ಲ. ಇನ್ನು ಮುಂದೆ ಹಾಕುವ ದುಡ್ಡಿಗೆ ಏನು ಸಿಗುತ್ತೆ ಅಂತ ಮಾತ್ರ ನೋಡಿ.

ಹಂತ 8: ನಿಲ್ಲಿಸುವ ಹೊತ್ತು

ಇದನ್ನು ಮನಸ್ಸಿನಿಂದ ಮಾತ್ರ ತೀರ್ಮಾನಿಸೋಕೆ ಕಷ್ಟ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಒಂದು ಅಳತೆ ಮಾಡಿಕೊಟ್ಟಿದ್ದಾರೆ, ಮನೆಯಲ್ಲೇ ಬಳಸಬಹುದು. ಏಳು ವಿಷಯ: ನೋವು ಮತ್ತು ಉಸಿರಾಟ, ಹಸಿವು, ನೀರಿನಂಶ, ಶುಚಿಯಾಗಿ ಇರುವುದು, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿ ಇದೆಯಾ. ಪ್ರತಿಯೊಂದಕ್ಕೂ 0ರಿಂದ 10 ಅಂಕ, ಚೆನ್ನಾಗಿದ್ದರೆ 10. ಒಟ್ಟು 70ಕ್ಕೆ 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು ಅಂತ ಲೆಕ್ಕ. ಮನೆಯವರೆಲ್ಲಾ ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ಹೋಲಿಸಿ. ದಿನಾ ಹತ್ತಿರ ಇರುವವರ ಕಣ್ಣಿಗೆ ನಿಧಾನ ಇಳಿತ ಕಾಣಲ್ಲ. ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೊಂದು ಗುರುತು, ಕೆಟ್ಟ ದಿನಕ್ಕೊಂದು ಗುರುತು ಹಾಕಿದರೆ ಎರಡು ವಾರದಲ್ಲಿ ಕಾಣುತ್ತದೆ.

ಚಿಕಿತ್ಸೆ ನಿಲ್ಲಿಸಿದರೂ ನೋವಿನ ಔಷಧಿ ನಿಲ್ಲಿಸಬಾರದು. ಗಡಿ 3,000 ಇದ್ದರೂ ಅದಕ್ಕೆ ಮೊದಲೇ ಒಂದು ಪಾಲು ಎತ್ತಿಡಿ.

ದಯಾಮರಣ ಅಂದರೆ ಡಾಕ್ಟರು ಅರಿವಳಿಕೆ ಔಷಧಿಯನ್ನು ಜಾಸ್ತಿ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುವುದು. ಮೊದಲು ಎಚ್ಚರ ತಪ್ಪುತ್ತದೆ, ಆಮೇಲೆ ಉಸಿರು, ಹೃದಯ ನಿಲ್ಲುತ್ತವೆ. ಕಣ್ಣು ತೆರೆದೇ ಇರಬಹುದು, ಕೊನೆಯಲ್ಲಿ ಒಂದೆರಡು ಸಲ ಉಸಿರೆಳೆದ ಹಾಗೆ ಕಾಣಬಹುದು, ಅದು ನೋವಲ್ಲ. ಮೊದಲು ಮಂಪರು ಬರುವ ಇಂಜೆಕ್ಷನ್ ಕೊಡಿ ಅಂತ ಕೇಳಿ. ಮನೆಗೇ ಬರುತ್ತಾರಾ ಅಂತಲೂ ಕೇಳಿ. ಅಲ್ಲಿ ಇರೋಕೆ ಆದರೆ ಇರಿ, ನಿಮ್ಮ ದನಿ ಕೇಳಿಸುತ್ತಿರಲಿ.

ಹೂಳುವ ಜಾಗ ಮೊದಲೇ ನೋಡಿಕೊಳ್ಳಿ. ಬಾವಿಯಿಂದ ದೂರ ಇರಲಿ, ಗುಂಡಿ ಮೂರು ನಾಲ್ಕು ಅಡಿ ಆಳ ಇರಲಿ. ಆ ಔಷಧಿ ಮೈಯಲ್ಲಿ ಉಳಿದಿರುತ್ತದೆ, ಬೇರೆ ನಾಯಿಯೋ ನರಿಯೋ ಅಗೆದು ತಿಂದರೆ ಅವಕ್ಕೂ ವಿಷ. ಆಸ್ಪತ್ರೆಯ ಬಿಲ್ಲನ್ನು ಒಳಗೆ ಹೋಗುವ ಮೊದಲೇ ಕಟ್ಟಿಬಿಡಿ. ಎಲ್ಲಾ ಆದ ಮೇಲೆ ಖಾಲಿ ಬೆಲ್ಟ್ ಹಿಡಿದುಕೊಂಡು ಕೌಂಟರ್ ಮುಂದೆ ಸರದಿಯಲ್ಲಿ ನಿಲ್ಲುವುದು ತುಂಬಾ ಕಷ್ಟ.